ದೊಡ್ಡ ಪ್ರಾಣಿಗಳ ಬೇಟೆಗೆ ರೈಫಲ್ ಗುಂಡಿನ ಆಯ್ಕೆ

ಬೇಟೆಯ ರೈಫಲ್ ಗುಂಡು ಎಂಬುದು ಜಿಂಕೆ, ಮೂಸ್, ಕರಡಿ, ಕಾಡೆಮ್ಮೆ, ಆನೆ ಮೊದಲಾದ ದೊಡ್ಡ ಪ್ರಾಣಿಗಳನ್ನು ಕೊಲ್ಲುವ ಉದ್ದೇಶದಿಂದ ತಯಾರಿಸಲಾದ, ರೈಫಲ್‌ನ ನಳಿಗೆಯಿಂದ ಹೊರಡುವ ಲೋಹದ ಉತ್ಕ್ಷೇಪಕವಾಗಿದೆ. ಇದರ ಆಯ್ಕೆಯು ಗುಂಡಿನ ರಚನೆ, ತೂಕ, ವ್ಯಾಸ ಮತ್ತು ವೇಗ ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿದೆ. ಇವುಗಳಲ್ಲಿ ವ್ಯಾಸ ಮತ್ತು ವೇಗದ ಬಗ್ಗೆಯೇ ಹೆಚ್ಚಿನ ಚರ್ಚೆ ನಡೆಯುತ್ತದೆಯಾದರೂ, ಪ್ರಾಣಿಯ ದೇಹವನ್ನು ಹೊಕ್ಕ ನಂತರ ಗುಂಡು ಹೇಗೆ ವರ್ತಿಸುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ರಚನೆ. ಹೊರಗೇ ಚೂರಾಗುವ ಗುಂಡು ಮೇಲ್ಮೈಯಲ್ಲಿ ದೊಡ್ಡ ಗಾಯವನ್ನುಂಟುಮಾಡಿ ಪ್ರಾಣಿಯನ್ನು ನರಳಿಸುತ್ತದೆ. ಸ್ವಲ್ಪವೂ ಹಿಗ್ಗದ ಗುಂಡು ಕಿರಿದಾದ ರಂಧ್ರ ಕೊರೆದು ಆಚೆ ಹೊರಟುಹೋಗುತ್ತದೆ. ಎರಡೂ ಸಂದರ್ಭಗಳಲ್ಲಿ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ಕಣ್ಮರೆಯಾಗುತ್ತದೆ, ಅಥವಾ ತಿರುಗಿ ಬೇಟೆಗಾರನ ಮೇಲೆ ಎರಗುತ್ತದೆ. ಆದುದರಿಂದ ಗುಂಡಿನ ಆಯ್ಕೆಯು ತಾಂತ್ರಿಕ ವಿಷಯವಾಗಿರುವಂತೆಯೇ ನೈತಿಕ ವಿಷಯವೂ ಆಗಿದೆ, ಮತ್ತು ಅನೇಕ ದೇಶಗಳಲ್ಲಿ ಅದು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿದೆ.

ಪರಿಭಾಷೆ

ಆಡುಮಾತಿನಲ್ಲಿ 'ಗುಂಡು' ಎಂಬ ಪದವನ್ನು ಇಡೀ ಕಾಡತೂಸಿಗೂ ಬಳಸಲಾಗುತ್ತದೆ. ತಾಂತ್ರಿಕವಾಗಿ ಕಾಡತೂಸು ನಾಲ್ಕು ಭಾಗಗಳಿಂದ ಕೂಡಿದೆ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿರುವ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು ಮತ್ತು ತುದಿಯಲ್ಲಿ ಕೂರಿಸಿದ ಗುಂಡು. ನಳಿಗೆಯಿಂದ ಹೊರಬಂದು ಗುರಿಯನ್ನು ತಲುಪುವುದು ಗುಂಡು ಮಾತ್ರ.

ಗುಂಡಿನ ತೂಕವನ್ನು ಸಾಂಪ್ರದಾಯಿಕವಾಗಿ ಗ್ರೇನ್ ಎಂಬ ಮಾನದಲ್ಲಿ ಹೇಳಲಾಗುತ್ತದೆ. 7,000 ಗ್ರೇನ್‌ಗಳು ಸೇರಿದರೆ ಒಂದು ಪೌಂಡ್. ಒಂದು ಗ್ರೇನ್ ಸುಮಾರು 0.065 ಗ್ರಾಂ. ವ್ಯಾಸವನ್ನು ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಯಲ್ಲಿ ಇಂಚಿನ ದಶಮಾಂಶದಲ್ಲಿಯೂ ಯುರೋಪಿನ ಪದ್ಧತಿಯಲ್ಲಿ ಮಿಲಿಮೀಟರ್‌ಗಳಲ್ಲಿಯೂ ಸೂಚಿಸುತ್ತಾರೆ. ಹಳೆಯ ಕೋವಿಗಳ 'ಬೋರ್' ಲೆಕ್ಕ ಬೇರೆ ಬಗೆಯದು. ನಳಿಗೆಗೆ ಸರಿಹೊಂದುವ ಸೀಸದ ಗೋಲಿಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎಂಬ ಸಂಖ್ಯೆಯೇ ಬೋರ್. ಹೀಗಾಗಿ ನಾಲ್ಕು ಬೋರಿನ ಗೋಲಿ ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ ತೂಗುತ್ತದೆ; ಸಂಖ್ಯೆ ಚಿಕ್ಕದಾದಷ್ಟೂ ಗೋಲಿ ದೊಡ್ಡದು.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಬೇಟೆಗೆ ಕಪ್ಪು ಮದ್ದು ಮತ್ತು ಬರಿಯ ಸೀಸದ ಗುಂಡುಗಳೇ ಬಳಕೆಯಲ್ಲಿದ್ದವು. ಕಪ್ಪು ಮದ್ದಿನಿಂದ ಹೆಚ್ಚಿನ ವೇಗ ದೊರೆಯುತ್ತಿರಲಿಲ್ಲವಾದ್ದರಿಂದ ಶಕ್ತಿಯನ್ನು ಹೆಚ್ಚಿಸಲು ಗುಂಡಿನ ಗಾತ್ರವನ್ನೇ ಹೆಚ್ಚಿಸಬೇಕಾಗಿತ್ತು. ಆನೆಯ ಬೇಟೆಗೆ ಎಂಟು ಬೋರ್ ಮತ್ತು ನಾಲ್ಕು ಬೋರಿನ ಭಾರೀ ಕೋವಿಗಳು ಬಳಕೆಗೆ ಬಂದದ್ದು ಈ ಕಾರಣದಿಂದಲೇ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಖೆಡ್ಡಾ ಕಾರ್ಯಾಚರಣೆಗಳನ್ನು ನಡೆಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಲದ ಬೇಟೆಯ ಆಯುಧಗಳ ವಿವರಗಳು ದೊರೆಯುತ್ತವೆ.

ಗುಂಡಿನ ರಚನೆಯನ್ನು ಕುರಿತ ಚರ್ಚೆಯೂ ಅದೇ ಕಾಲದ್ದು. ಆಫ್ರಿಕ ಮತ್ತು ಭಾರತಗಳಲ್ಲಿ ಬೇಟೆಯಾಡಿದ್ದ ಸ್ಯಾಮ್ಯುಯೆಲ್ ಬೇಕರ್, 1890ರಲ್ಲಿ ಹೊರಬಂದ 'ವೈಲ್ಡ್ ಬೀಸ್ಟ್ಸ್ ಅಂಡ್ ದೇರ್ ವೇಸ್' ಎಂಬ ಕೃತಿಯಲ್ಲಿ, ಆಗ ಜನಪ್ರಿಯವಾಗಿದ್ದ ಟೊಳ್ಳು ಗುಂಡುಗಳನ್ನು ದೊಡ್ಡ ಪ್ರಾಣಿಗಳ ಮೇಲೆ ಬಳಸುವುದನ್ನು ವಿರೋಧಿಸಿದರು. ಹುಲಿಯಂತಹ ಮೃದು ಚರ್ಮದ ಪ್ರಾಣಿಗೆ ಮೆತ್ತನೆಯ ಶುದ್ಧ ಸೀಸದ ಘನ ಗುಂಡು, ಆನೆಯಂತಹ ದಪ್ಪ ಚರ್ಮದ ಪ್ರಾಣಿಗೆ ಗಟ್ಟಿಗೊಳಿಸಿದ ಗುಂಡು ಎಂಬುದು ಅವರ ನಿಲುವಾಗಿತ್ತು. ಲೋಹಗಳು ಬದಲಾದರೂ ಈ ವಿಭಜನೆ ಇಂದಿಗೂ ಉಳಿದುಕೊಂಡಿದೆ.

1880ರ ದಶಕದಲ್ಲಿ ಎರಡು ಆವಿಷ್ಕಾರಗಳು ಈ ಕ್ಷೇತ್ರವನ್ನು ಬದಲಾಯಿಸಿದವು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸದ ತಿರುಳಿಗೆ ತಾಮ್ರದ ಕವಚ ತೊಡಿಸಿದ ಗುಂಡನ್ನು ರೂಪಿಸಿದರು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆರಹಿತ ಮದ್ದನ್ನು ಕಂಡುಹಿಡಿದರು. ಹೊಸ ಮದ್ದಿನ ವೇಗಕ್ಕೆ ಬರಿಯ ಸೀಸ ಕರಗಿ ನಳಿಗೆಗೆ ಅಂಟಿಕೊಳ್ಳುತ್ತಿದ್ದುದರಿಂದ ಕವಚ ಅನಿವಾರ್ಯವಾಯಿತು. ಆದರೆ ಪೂರ್ಣ ಕವಚದ ಚಿಕ್ಕ ಗುಂಡು ದೇಹದಲ್ಲಿ ಹಿಗ್ಗದೆ ಹಾದುಹೋಗುತ್ತಿತ್ತು. 1895ರ ಚಿತ್ರಾಲ್ ದಂಡಯಾತ್ರೆಯ ನಂತರ ಬ್ರಿಟಿಷ್ ಸೇನೆಯಲ್ಲಿ ಈ ಬಗ್ಗೆ ದೂರುಗಳು ಕೇಳಿಬಂದವು. ಕಲ್ಕತ್ತೆಯ ಸಮೀಪದ ಡಮ್ ಡಮ್ ಮದ್ದುಗುಂಡು ಕಾರ್ಖಾನೆಯಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಗುಂಡಿನ ಮೂತಿಯ ಕವಚವನ್ನು ತೆಗೆದು ಸೀಸವನ್ನು ತೆರೆದಿಟ್ಟರು. ಇಂತಹ ಗುಂಡು ತಾಗಿದೊಡನೆ ಅಣಬೆಯಂತೆ ಅರಳುತ್ತಿತ್ತು. ಮಾನವ ದೇಹದಲ್ಲಿ ಸುಲಭವಾಗಿ ಹಿಗ್ಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸುವುದನ್ನು 1899ರ ಹೇಗ್ ಘೋಷಣೆ ನಿಷೇಧಿಸಿತು. ಈ ನಿಷೇಧ ಬೇಟೆಗೆ ಅನ್ವಯಿಸುವುದಿಲ್ಲ. ಯುದ್ಧಭೂಮಿಯಲ್ಲಿ ಅನಗತ್ಯ ಯಾತನೆಯೆಂದು ನಿಷಿದ್ಧವಾದ ಗುಂಡೇ, ಬೇಟೆಯಲ್ಲಿ ಯಾತನೆಯನ್ನು ಕಡಿಮೆ ಮಾಡುವ ಸಾಧನವೆಂದು ಪರಿಗಣಿತವಾಗಿದೆ.

ದೇಹದೊಳಗೆ ಗುಂಡಿನ ಕಾರ್ಯ

ರೈಫಲ್ ಗುಂಡು ಪ್ರಾಣಿಯನ್ನು ಮುಖ್ಯವಾಗಿ ಎರಡು ರೀತಿಗಳಲ್ಲಿ ಕೊಲ್ಲುತ್ತದೆ. ಮಿದುಳು ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ತಾಗಿದರೆ ಪ್ರಾಣಿ ತಕ್ಷಣ ಕುಸಿಯುತ್ತದೆ. ಹೃದಯ, ಶ್ವಾಸಕೋಶ ಅಥವಾ ದೊಡ್ಡ ರಕ್ತನಾಳಗಳಿಗೆ ತಾಗಿದರೆ ರಕ್ತದೊತ್ತಡ ಇಳಿದು, ಮಿದುಳಿಗೆ ಆಮ್ಲಜನಕ ದೊರೆಯದೆ ಸಾವು ಸಂಭವಿಸುತ್ತದೆ. ಹೃದಯಕ್ಕೆ ಗುಂಡು ತಾಗಿದ ಜಿಂಕೆಯೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಕೆಲವು ಸೆಕೆಂಡುಗಳ ಕಾಲ ಓಡಬಲ್ಲದು. ಮಿದುಳು ಚಿಕ್ಕದೂ ಸದಾ ಚಲಿಸುವಂಥದೂ ಆದುದರಿಂದ, ಬಹುಪಾಲು ಪ್ರಾಣಿಗಳ ವಿಷಯದಲ್ಲಿ ಎದೆಯ ಭಾಗವನ್ನೇ ಗುರಿಯಾಗಿಸಲು ಸೂಚಿಸಲಾಗುತ್ತದೆ.

ಗುಂಡು ಸಾಗಿದ ದಾರಿಯಲ್ಲಿ ಎರಡು ಬಗೆಯ ಕುಳಿಗಳು ಉಂಟಾಗುತ್ತವೆ. ಅಂಗಾಂಶವನ್ನು ಅರೆದು ಹರಿದು ಉಳಿಯುವ ರಂಧ್ರವನ್ನು ಶಾಶ್ವತ ಕುಳಿ ಎಂದೂ, ವೇಗದ ಹೊಡೆತಕ್ಕೆ ಅಂಗಾಂಶವು ಕ್ಷಣಕಾಲ ಹೊರಕ್ಕೆ ಚಿಮ್ಮಿ ಮತ್ತೆ ಕೂಡಿಕೊಳ್ಳುವುದನ್ನು ತಾತ್ಕಾಲಿಕ ಕುಳಿ ಎಂದೂ ಕರೆಯುತ್ತಾರೆ. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಶೇಕಡ 10ರ ಜೆಲಾಟಿನ್ ಗಟ್ಟಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಿಷಯದ ಅರಿವನ್ನು ಸ್ಪಷ್ಟಗೊಳಿಸಿದವು. ಗುಂಡು ಮುಖ್ಯ ಅಂಗಗಳವರೆಗೆ ತಲುಪದಿದ್ದರೆ ಉಳಿದ ಯಾವ ಗುಣವೂ ಪ್ರಯೋಜನಕ್ಕೆ ಬಾರದು.

ಹಾಗಾಗಿ ಬೇಟೆಯ ಗುಂಡಿನಿಂದ ಪರಸ್ಪರ ವಿರುದ್ಧವಾದ ಎರಡು ಗುಣಗಳನ್ನು ಅಪೇಕ್ಷಿಸಲಾಗುತ್ತದೆ. ಅದು ಹಿಗ್ಗಿ ಅಗಲವಾದ ಗಾಯ ಮಾಡಬೇಕು. ಅದೇ ಸಮಯದಲ್ಲಿ ಸಾಕಷ್ಟು ಆಳಕ್ಕೂ ಇಳಿಯಬೇಕು. ಹಿಗ್ಗಿದಷ್ಟೂ ಎದುರಾಗುವ ತಡೆ ಹೆಚ್ಚುತ್ತದೆ, ಆಳ ಕಡಿಮೆಯಾಗುತ್ತದೆ. ಬೇಟೆಯ ಗುಂಡುಗಳ ವಿನ್ಯಾಸವೆಲ್ಲವೂ ಈ ಎರಡರ ನಡುವಿನ ಹೊಂದಾಣಿಕೆಯೇ ಆಗಿದೆ.

ರಚನೆಯ ಬಗೆಗಳು

ಪೂರ್ಣ ಕವಚದ ಗುಂಡು ಮತ್ತು ಘನ ಗುಂಡು: ಇವು ಹಿಗ್ಗುವುದಿಲ್ಲ. ಮೊದಲನೆಯದರಲ್ಲಿ ಸೀಸದ ತಿರುಳನ್ನು ಮೂತಿಯ ಕಡೆಯಿಂದ ಪೂರ್ತಿಯಾಗಿ ಉಕ್ಕು ಅಥವಾ ತಾಮ್ರಮಿಶ್ರಿತ ಲೋಹ ಆವರಿಸಿರುತ್ತದೆ. ಎರಡನೆಯದನ್ನು ಹಿತ್ತಾಳೆ ಅಥವಾ ತಾಮ್ರದ ಒಂದೇ ತುಂಡಿನಿಂದ ಕಡೆಯಲಾಗುತ್ತದೆ. ದಪ್ಪ ಚರ್ಮ ಮತ್ತು ದಪ್ಪ ಮೂಳೆಯ ಪ್ರಾಣಿಗಳಿಗೆ ಇವು ಮೀಸಲು. ಚೂಪು ಮೂತಿಯ ಗುಂಡು ದೇಹದೊಳಗೆ ಮಗುಚಿ ದಾರಿ ತಪ್ಪುವ ಸಂಭವವಿರುವುದರಿಂದ ಈ ಬಗೆಯಲ್ಲಿ ದುಂಡು ಅಥವಾ ಚಪ್ಪಟೆ ಮೂತಿಗೆ ಆದ್ಯತೆಯಿದೆ.

ಮೃದು ಮೂತಿಯ ಗುಂಡು: ಕವಚವು ಬುಡ ಮತ್ತು ಬದಿಗಳನ್ನು ಆವರಿಸಿ ಮೂತಿಯ ಸೀಸವನ್ನು ತೆರೆದಿಡುತ್ತದೆ. ಮೂತಿಯ ಕಡೆ ತೆಳುವಾಗಿಯೂ ಹಿಂಬದಿಗೆ ದಪ್ಪವಾಗಿಯೂ ಇರುವ ಕವಚ ಹಿಗ್ಗುವಿಕೆಯನ್ನು ನಿಯಂತ್ರಿಸುತ್ತದೆ. 1939ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ ಕೋರ್-ಲಾಕ್ಟ್ ಈ ಬಗೆಯ ಪ್ರಸಿದ್ಧ ಉದಾಹರಣೆ. ಬೆಲೆ ಕಡಿಮೆಯಿರುವ ಈ ಗುಂಡುಗಳು ಸಾಧಾರಣ ವೇಗದಲ್ಲಿ ಜಿಂಕೆ ಜಾತಿಯ ಪ್ರಾಣಿಗಳಿಗೆ ಸಾಕಾಗುತ್ತವೆ.

ತುದಿ ಜೋಡಿಸಿದ ಗುಂಡು: ಟೊಳ್ಳು ಮೂತಿಗೆ ಪ್ಲಾಸ್ಟಿಕ್ ತುದಿಯನ್ನು ಅಳವಡಿಸಲಾಗಿರುತ್ತದೆ. ತುದಿಯು ಗಾಳಿಯ ತಡೆಯನ್ನು ಕಡಿಮೆ ಮಾಡುತ್ತದೆ. ತಾಗಿದಾಗ ಹಿಂದಕ್ಕೆ ಒತ್ತಲ್ಪಟ್ಟು ಗುಂಡನ್ನು ಬೇಗ ಅರಳಿಸುತ್ತದೆ. ತೆಳು ಕವಚದ ಇಂತಹ ಗುಂಡು ಹತ್ತಿರದಿಂದ ಅತಿವೇಗದಲ್ಲಿ ಭುಜದ ಮೂಳೆಗೆ ತಾಗಿದರೆ ಆಳಕ್ಕಿಳಿಯುವ ಮೊದಲೇ ಒಡೆಯಬಹುದು.

ವಿಭಜಿತ ತಿರುಳಿನ ಗುಂಡು: ಒಳಗೆ ಅಡ್ಡಗೋಡೆಯಿರುವ ಈ ವಿನ್ಯಾಸದಲ್ಲಿ ಮುಂದಿನ ಸೀಸ ಹಿಗ್ಗುತ್ತದೆ, ಹಿಂದಿನದು ಹಾಗೆಯೇ ಉಳಿದು ಆಳಕ್ಕೆ ನುಗ್ಗುತ್ತದೆ. ಜರ್ಮನಿಯ ಎಚ್-ಮ್ಯಾಂಟೆಲ್ ಗುಂಡಿನಲ್ಲಿ ಇದಕ್ಕೆ ಹತ್ತಿರದ ಕಲ್ಪನೆ ಮೊದಲೇ ಇತ್ತು. ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋದಾಗ, ಮೈಗೆ ಕೆಸರು ಮೆತ್ತಿಕೊಂಡಿದ್ದ ಪ್ರಾಣಿಯ ಮೇಲೆ ಅವರ ವೇಗದ ಗುಂಡುಗಳು ಆಳಕ್ಕಿಳಿಯದೆ ವಿಫಲವಾದವು. ತಾಮ್ರದ ಸರಳನ್ನು ಎರಡೂ ತುದಿಗಳಿಂದ ಕೊರೆದು, ನಡುವೆ ಗೋಡೆ ಉಳಿಸಿ, ಎರಡೂ ಕುಳಿಗಳಿಗೆ ಸೀಸ ತುಂಬಿ ಅವರು ರೂಪಿಸಿದ 'ಪಾರ್ಟಿಶನ್' ಗುಂಡು 1948ರಿಂದ ಮಾರಾಟವಾಗುತ್ತಿದೆ.

ಬೆಸೆದ ತಿರುಳಿನ ಗುಂಡು: ಸೀಸವನ್ನು ಕವಚಕ್ಕೆ ಬೆಸೆಯುವುದರಿಂದ ಮೂಳೆಗೆ ತಾಗಿದರೂ ಎರಡೂ ಬೇರ್ಪಡುವುದಿಲ್ಲ. ಹಿಗ್ಗಿದ ನಂತರವೂ ಮೂಲ ತೂಕದ ಬಹುಪಾಲು ಉಳಿಯುತ್ತದೆ.

ಏಕಲೋಹದ ಹಿಗ್ಗುವ ಗುಂಡು: ಪೂರ್ತಿಯಾಗಿ ತಾಮ್ರ ಅಥವಾ ತಾಮ್ರಮಿಶ್ರಲೋಹದ ಈ ಗುಂಡಿನ ಟೊಳ್ಳು ಮೂತಿ ದಳಗಳಾಗಿ ಅರಳುತ್ತದೆ. 1980ರ ದಶಕದ ಕೊನೆಯಲ್ಲಿ ಬಂದ ಬಾರ್ನ್ಸ್ ಎಕ್ಸ್ ಗುಂಡಿನಿಂದ ಈ ಬಗೆ ಜನಪ್ರಿಯವಾಯಿತು. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ, ಸೀಸದ್ದು 11.34 ಗ್ರಾಂ. ಆದುದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತದೆ. ಅದನ್ನು ಸ್ಥಿರವಾಗಿ ಹಾರಿಸಲು ನಳಿಗೆಯ ಒಳಸುರುಳಿ ಬಿಗಿಯಾಗಿರಬೇಕಾಗಬಹುದು. ತಾಮ್ರವು ಸೀಸಕ್ಕಿಂತ ಗಟ್ಟಿಯಾದುದರಿಂದ ಬಹುದೂರ ಸಾಗಿ ವೇಗ ಕುಂದಿದಾಗ ಗುಂಡು ಸರಿಯಾಗಿ ಅರಳದಿರುವುದೂ ಉಂಟು. ಈ ಕಾರಣಗಳಿಂದ ಏಕಲೋಹದ ಗುಂಡಿಗೆ ಬದಲಾಯಿಸುವವರು ಸ್ವಲ್ಪ ಹಗುರವಾದ ಗುಂಡನ್ನು ಆರಿಸಿ ವೇಗವನ್ನು ಉಳಿಸಿಕೊಳ್ಳುವುದು ವಾಡಿಕೆ.

ತೂಕ, ವ್ಯಾಸ ಮತ್ತು ವೇಗ

ಗುಂಡಿನ ಚಲನಶಕ್ತಿಯು ಅದರ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದಾಗ ಬರುವ ಮೊತ್ತದ ಅರ್ಧಕ್ಕೆ ಸಮ. ಉದಾಹರಣೆಗೆ .30-06 ಸ್ಪ್ರಿಂಗ್‌ಫೀಲ್ಡ್ ಕಾಡತೂಸಿನ 180 ಗ್ರೇನ್ (11.7 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 3,900 ಜೂಲ್. ಆದರೆ ಶಕ್ತಿಯ ಅಂಕಿಯೊಂದೇ ಆಳವನ್ನು ತಿಳಿಸುವುದಿಲ್ಲ.

ಆಳದ ಅಂದಾಜಿಗೆ ಅಡ್ಡಕೊಯ್ತದ ಸಾಂದ್ರತೆ ಎಂಬ ಅಳತೆಯನ್ನು ಬಳಸುತ್ತಾರೆ. ಪೌಂಡ್‌ಗಳಲ್ಲಿ ಹೇಳಿದ ತೂಕವನ್ನು ಇಂಚುಗಳಲ್ಲಿ ಹೇಳಿದ ವ್ಯಾಸದ ವರ್ಗದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಒಂದೇ ವ್ಯಾಸದಲ್ಲಿ ಭಾರವಾದ, ಅಂದರೆ ಉದ್ದವಾದ ಗುಂಡಿಗೆ ಈ ಸಂಖ್ಯೆ ಹೆಚ್ಚು. ಕೆಲವು ಪರಿಚಿತ ಗುಂಡುಗಳ ಲೆಕ್ಕ ಹೀಗಿದೆ:

• .308 ಇಂಚು, 150 ಗ್ರೇನ್: 0.226
• .308 ಇಂಚು, 180 ಗ್ರೇನ್: 0.271
• .284 ಇಂಚು (7 ಮಿ.ಮೀ.), 173 ಗ್ರೇನ್: 0.306
• .375 ಇಂಚು, 300 ಗ್ರೇನ್: 0.305
• .458 ಇಂಚು, 500 ಗ್ರೇನ್: 0.341

ಈ ಪಟ್ಟಿಯ ಮೂರನೆಯ ಗುಂಡು ಆಫ್ರಿಕದ ಬೇಟೆಯ ಇತಿಹಾಸದಲ್ಲಿ ಹೆಸರಾಗಿದೆ. ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದರು. ಅವುಗಳಲ್ಲಿ ಬಹುಪಾಲು ಬಲಿಯಾದದ್ದು.275 ರಿಗ್ಬಿ ಎಂದೂ ಕರೆಯಲಾಗುವ 7 ಮಿ.ಮೀ. ರೈಫಲ್‌ನ ಪೂರ್ಣ ಕವಚದ 173 ಗ್ರೇನ್ ಗುಂಡಿಗೆ. ಇದರ ಚಲನಶಕ್ತಿ .30-06ಕ್ಕಿಂತ ಕಡಿಮೆ. ಆದರೂ ಅಡ್ಡಕೊಯ್ತದ ಸಾಂದ್ರತೆಯಲ್ಲಿ ಇದು ಬಹಳ ಭಾರವಾದ .375 ಗುಂಡಿಗೆ ಸಮ. ಬೆಲ್ ಆನೆಯ ತಲೆಬುರುಡೆಗಳನ್ನು ಸೀಳಿ ಮಿದುಳಿನ ಸ್ಥಾನವನ್ನು ಅಭ್ಯಾಸ ಮಾಡಿದ್ದರು. ಈ ಉದಾಹರಣೆಯು ಚಿಕ್ಕ ರೈಫಲ್ ಎಲ್ಲರಿಗೂ ಸಾಕೆಂಬುದನ್ನು ತೋರಿಸುವುದಿಲ್ಲ. ಮಿದುಳು ತಪ್ಪಿದಾಗ ಇಂತಹ ಗುಂಡು ಆನೆಯನ್ನು ತಡೆದು ನಿಲ್ಲಿಸಲಾರದು. ನಂತರದ ಕಾಲದಲ್ಲಿ ಅಪಾಯಕಾರಿ ಪ್ರಾಣಿಗಳಿಗೆ ಕನಿಷ್ಠ ವ್ಯಾಸವನ್ನು ನಿಗದಿಪಡಿಸಿದ್ದರ ಹಿಂದೆ ಈ ಅಪಾಯದ ಅರಿವಿದೆ.

ಪ್ರಾಣಿಗೆ ತಕ್ಕ ಆಯ್ಕೆ

ಜಿಂಕೆ ಜಾತಿಯ ಮಧ್ಯಮ ಗಾತ್ರದ ಪ್ರಾಣಿಗಳ ಚರ್ಮ ತೆಳು, ಎದೆ ಕಿರಿದು. ಇವುಗಳಿಗೆ ಬೇಗ ಹಿಗ್ಗುವ ಮೃದು ಮೂತಿಯ ಅಥವಾ ತುದಿ ಜೋಡಿಸಿದ ಗುಂಡು ಸೂಕ್ತ. ಅತಿ ಗಟ್ಟಿಯಾದ ಗುಂಡು ಇಲ್ಲಿ ಅರಳಲು ಬೇಕಾದ ತಡೆಯೇ ದೊರೆಯದೆ ಹಾದುಹೋಗಬಹುದು.

ಮೂಸ್, ಎಲ್ಕ್ ಮತ್ತು ಕಂದು ಕರಡಿಗಳು ಹಲವು ನೂರು ಕಿಲೋಗ್ರಾಂ ತೂಗುತ್ತವೆ. ಭುಜದ ಮೂಳೆ ಮತ್ತು ದಪ್ಪ ಸ್ನಾಯುಗಳನ್ನು ದಾಟಬೇಕಾದುದರಿಂದ ವಿಭಜಿತ, ಬೆಸೆದ ಅಥವಾ ಏಕಲೋಹದ ಗುಂಡುಗಳಿಗೆ, ಅವುಗಳಲ್ಲಿಯೂ ಭಾರವಾದವುಗಳಿಗೆ ಆದ್ಯತೆ ನೀಡಲಾಗುತ್ತದೆ.

ಆಫ್ರಿಕದ ಕಾಡೆಮ್ಮೆಯ ಬೇಟೆಯಲ್ಲಿ ಮೊದಲ ಈಡಿಗೆ ಗಟ್ಟಿ ರಚನೆಯ ಹಿಗ್ಗುವ ಗುಂಡನ್ನೂ, ನಂತರದ ಈಡುಗಳಿಗೆ ಘನ ಗುಂಡನ್ನೂ ತುಂಬುವ ಪದ್ಧತಿ ವ್ಯಾಪಕವಾಗಿದೆ. ಘನ ಗುಂಡು ಒಂದು ಪ್ರಾಣಿಯನ್ನು ದಾಟಿ ಹಿಂದೆ ನಿಂತ ಇನ್ನೊಂದಕ್ಕೆ ತಾಗಬಹುದಾದುದರಿಂದ ಹಿಂಡಿನ ನಡುವೆ ಅದನ್ನು ಮೊದಲು ಬಳಸುವುದು ಅಪಾಯಕರ. ಗಾಯಗೊಂಡು ಓಡುವ ಅಥವಾ ಎದುರು ನುಗ್ಗುವ ಕಾಡೆಮ್ಮೆಗೆ ಮಾತ್ರ ಆಳಕ್ಕಿಳಿಯುವ ಘನ ಗುಂಡೇ ಬೇಕಾಗುತ್ತದೆ.

ಆನೆಯ ಮಿದುಳು ತಲೆಬುರುಡೆಯ ಹಿಂಭಾಗದಲ್ಲಿ, ಜೇನುಹುಟ್ಟಿನಂತೆ ಗಾಳಿಕೋಶಗಳಿಂದ ಕೂಡಿದ ಮೂಳೆಯ ಹಿಂದೆ ಅಡಗಿದೆ. ಹಿಗ್ಗುವ ಗುಂಡು ಅಲ್ಲಿಯವರೆಗೆ ತಲುಪುವ ಭರವಸೆಯಿಲ್ಲ. ಹೀಗಾಗಿ ಆನೆಗೆ ಹಿಗ್ಗದ ಗುಂಡನ್ನೇ ಬಳಸಲಾಗುತ್ತದೆ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಅಥವಾ ಅದಕ್ಕೆ ಸಮೀಪದ ವ್ಯಾಸವನ್ನು ಆಫ್ರಿಕದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗಳ ಬೇಟೆಗೆ ಕನಿಷ್ಠ ಮಿತಿಯಾಗಿ ಪರಿಗಣಿಸುತ್ತವೆ.

ಕಾನೂನಿನ ನಿಯಮಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 1991ರ ಜಿಂಕೆ ಕಾಯಿದೆಯು ಜಿಂಕೆಗಳ ಮೇಲೆ ಮೃದು ಮೂತಿಯ ಅಥವಾ ಟೊಳ್ಳು ಮೂತಿಯ ರೈಫಲ್ ಗುಂಡುಗಳನ್ನು ಮಾತ್ರ ಅನುಮತಿಸುತ್ತದೆ. ಸಾಮಾನ್ಯ ನಿಯಮದಂತೆ ರೈಫಲ್‌ನ ವ್ಯಾಸ .240 ಇಂಚಿಗಿಂತಲೂ, ನಳಿಗೆಯ ಬಾಯಲ್ಲಿನ ಶಕ್ತಿ 2,305 ಜೂಲ್‌ಗಿಂತಲೂ ಕಡಿಮೆಯಿರುವಂತಿಲ್ಲ. ಜರ್ಮನಿಯ ಬೇಟೆ ಕಾನೂನಿನ ಪ್ರಕಾರ ಚಿಕ್ಕದಾದ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಕನಿಷ್ಠ 1,000 ಜೂಲ್ ಶಕ್ತಿ ಸಾಕು. ಇತರ ಗೊರಸಿನ ಬೇಟೆಪ್ರಾಣಿಗಳಿಗೆ ಕನಿಷ್ಠ 6.5 ಮಿ.ಮೀ. ವ್ಯಾಸ ಮತ್ತು ಅದೇ ದೂರದಲ್ಲಿ 2,000 ಜೂಲ್ ಇರಬೇಕು.

ಸೀಸದ ಸಮಸ್ಯೆ

ಸೀಸದ ಗುಂಡು ಹಿಗ್ಗುವಾಗ ಅದರ ಸೂಕ್ಷ್ಮ ಚೂರುಗಳು ಗಾಯದ ಸುತ್ತಲಿನ ಮಾಂಸದಲ್ಲಿ ಹರಡುತ್ತವೆ. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋಗುವ ಕರುಳು ಮತ್ತಿತರ ಅವಶೇಷಗಳನ್ನು ತಿನ್ನುವ ಹದ್ದು, ರಣಹದ್ದುಗಳಿಗೆ ಈ ಚೂರುಗಳು ವಿಷವಾಗುತ್ತವೆ. ಬೇಟೆಯ ಮಾಂಸವನ್ನು ಉಣ್ಣುವ ಮನುಷ್ಯರಿಗೂ ಇದರಿಂದ ಅಪಾಯವಿದ್ದು, ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಿ ಅದು ಹೆಚ್ಚು.

1987ರಲ್ಲಿ ಕ್ಯಾಲಿಫೋರ್ನಿಯ ಕಾಂಡೋರ್ ಎಂಬ ರಣಹದ್ದಿನ ಉಳಿದ 27 ಪಕ್ಷಿಗಳೆಲ್ಲವೂ ಸಂರಕ್ಷಣೆಗಾಗಿ ಸೆರೆಯಲ್ಲಿದ್ದವು. ಅವುಗಳ ಸಂತತಿಯನ್ನು ಮತ್ತೆ ಕಾಡಿಗೆ ಬಿಟ್ಟ ನಂತರವೂ ಸೀಸದ ವಿಷವೇ ಅವುಗಳ ಸಾವಿನ ಪ್ರಮುಖ ಕಾರಣವಾಗಿ ಮುಂದುವರಿಯಿತು. ಕ್ಯಾಲಿಫೋರ್ನಿಯ ರಾಜ್ಯವು 2008ರಲ್ಲಿ ಕಾಂಡೋರ್ ನೆಲೆಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸೀಸದ ಗುಂಡುಗಳನ್ನು ನಿಷೇಧಿಸಿ, 2019ರ ಜುಲೈ 1ರಿಂದ ಈ ನಿಷೇಧವನ್ನು ಇಡೀ ರಾಜ್ಯದ ವನ್ಯಜೀವಿ ಬೇಟೆಗೆ ವಿಸ್ತರಿಸಿತು. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಜಿಂಕೆಗಳ ಅವಶೇಷಗಳನ್ನು ತಿಂದ ಸ್ಟೆಲ್ಲರ್ ಸಮುದ್ರ ಹದ್ದುಗಳು ಸತ್ತ ಪ್ರಕರಣಗಳ ನಂತರ, ಜಿಂಕೆ ಬೇಟೆಗೆ ಸೀಸದ ರೈಫಲ್ ಗುಂಡುಗಳ ಬಳಕೆಯನ್ನು 2000ದಲ್ಲಿ ನಿರ್ಬಂಧಿಸಲಾಯಿತು. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಗೆ ಸೀಸದ ರೈಫಲ್ ಗುಂಡುಗಳನ್ನು ನಿಷೇಧಿಸಿದೆ. ಹೀಗೆ ಗುಂಡಿನ ಆಯ್ಕೆಯಲ್ಲಿ, ಗುರಿಯಾದ ಪ್ರಾಣಿಯೊಂದಿಗೆ ಅದರ ಅವಶೇಷವನ್ನು ತಿನ್ನುವ ಜೀವಿಗಳನ್ನೂ ಪರಿಗಣಿಸುವುದು ಅಗತ್ಯವಾಗಿದೆ.

ಭಾರತದಲ್ಲಿ

ಭಾರತದಲ್ಲಿ ಹುಲಿ ಮತ್ತು ಚಿರತೆಗಳ ಬೇಟೆಗೆ ಮೃದು ಮೂತಿಯ ಗುಂಡುಗಳೂ, ಆನೆಯ ಬೇಟೆಗೆ ಹಿಗ್ಗದ ಗುಂಡುಗಳೂ ಬಳಕೆಯಲ್ಲಿದ್ದವು. ಕುಮಾವೂಂ ಪ್ರದೇಶದ ನರಭಕ್ಷಕಗಳನ್ನು ಕೊಂದ ಜಿಮ್ ಕಾರ್ಬೆಟ್ .275 ರಿಗ್ಬಿ ಮತ್ತು .450/400 ರೈಫಲ್‌ಗಳನ್ನು ಬಳಸುತ್ತಿದ್ದರು. ಬೆಂಗಳೂರಿನಲ್ಲಿ ನೆಲೆಸಿದ್ದ ಲೇಖಕ ಕೆನೆತ್ ಆಂಡರ್ಸನ್ (1910–1974) ದಕ್ಷಿಣ ಭಾರತದ ಕಾಡುಗಳಲ್ಲಿ ನರಭಕ್ಷಕ ಹುಲಿ, ಚಿರತೆಗಳ ಬೆನ್ನುಹತ್ತುವಾಗ ಮುಖ್ಯವಾಗಿ .405 ವಿಂಚೆಸ್ಟರ್ ರೈಫಲ್ಲನ್ನು ಅವಲಂಬಿಸಿದ್ದರು.

1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ನಂತರ ದೇಶದಲ್ಲಿ ಶಿಕಾರಿಯ ಯುಗ ಕೊನೆಗೊಂಡಿತು. ಕಾಯಿದೆಯ 11ನೆಯ ಪರಿಚ್ಛೇದದ ಅಡಿಯಲ್ಲಿ, ಮನುಷ್ಯರ ಪ್ರಾಣಕ್ಕೆ ಅಪಾಯವಾಗಿರುವ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ನೀಡಬಹುದು. ಹುಲಿ, ಆನೆಗಳಂತಹ ಹೆಚ್ಚಿನ ರಕ್ಷಣೆಯ ಪ್ರಾಣಿಗಳ ವಿಷಯದಲ್ಲಿ, ಅದನ್ನು ಸೆರೆಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಚಿತವಾದ ನಂತರವಷ್ಟೇ ಅಂತಹ ಅನುಮತಿಗೆ ಅವಕಾಶವಿದೆ. ಆದುದರಿಂದ ಇಂದು ಭಾರತದ ಕಾಡಂಚಿನಲ್ಲಿ ಗುಂಡಿಗಿಂತ ಮೊದಲು ಬಳಕೆಯಾಗುವುದು ಅರಿವಳಿಕೆಯ ಚುಚ್ಚುಮದ್ದು. ಗುಂಡು ಕಡೆಯ ಉಪಾಯವಾಗಿ ಉಳಿದಿದೆ.